ಮುಖ ಕೊಟ್ಟವರ ಚಿತ್ರ

ನಮ್ಮೂರಲ್ಲಿ ಒಬ್ಬ ಮನುಷ್ಯನ ಫೋಟೊ ಬರುವುದು ಒಂದೇ ಸಲ. ಎರಡನೆಯ ಸಲ ತೆಗೆದರೆ ಕುರ್ಚಿ ಬರುತ್ತದೆ, ಕುರ್ಚಿಯ ಹಿಂದಿನ ಪರದೆ ಬರುತ್ತದೆ, ಕೂತವರು ಬರುವುದಿಲ್ಲ. ಉಟ್ಟ ಬಟ್ಟೆ, ತೊಟ್ಟ ಒಡವೆಯೂ ಅವರ ಜೊತೆಗೇ ಮಾಯ. ಹಾಗಾಗಿ ಊರಿನಲ್ಲಿ ಎರಡು ಬಗೆಯ ಜನ: ಮುಖ ಕೊಟ್ಟವರು, ಮುಖ ಇಟ್ಟುಕೊಂಡವರು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಕೇಳುವುದು, "ಹುಡುಗಿ ಮುಖ ಕೊಟ್ಟಾಗೈತೋ, ಇನ್ನೂ ಐತೋ?" ಎಂದು. ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಪರಸ್ಥಳದವರು ಯಾರಾದರೂ ಬಸ್ಸಿನಿಂದ ಇಳಿದರೆ ಸಾಕು, ಬೀದಿಯಲ್ಲಿರುವ ಹುಡುಗಿಯರೆಲ್ಲ ಪಟಪಟನೆ ಕೊಡೆ ಬಿಚ್ಚುತ್ತಾರೆ. ಕೊಡೆ ಇಲ್ಲದವರು ಮೊರ ಅಡ್ಡ ಹಿಡಿಯುತ್ತಾರೆ. ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನವೇ ಅತ್ತೆ-ಸೊಸೆಗೆ ಜಗಳ ಹತ್ತಿಕೊಳ್ಳುತ್ತದೆ. ಈಗಲೇ ತೆಗೆಸಿಬಿಡೋಣ, ನಾಳೆ ಏನೋ ಎಂತೋ ಎನ್ನುವುದು ಅತ್ತೆ. ಮದುವೆಗೆ ಇರಲಿ ಎನ್ನುವುದು ಸೊಸೆ.

ಇಸ್ತ್ರಿ ಅಂಗಡಿಯ ಕೊಟ್ರೇಶಿಯ ಕಥೆ ಊರಿಗೆಲ್ಲ ಗೊತ್ತು. ಶಾಲೆಯ ಗುಂಪು ಫೋಟೊದಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿಬಿಟ್ಟ. ಅವನ ಜೀವಮಾನದ ಫೋಟೊ ಅದೊಂದೇ. "ಗೋಡೆ ಮ್ಯಾಲೆ ಮಲಗಿಬಿಟ್ಟೀನ್ರಿ, ಇನ್ನೂ ಎಚ್ಚರಾಗಿಲ್ಲ" ಎಂದು ಅವನೇ ಹೇಳಿಕೊಂಡು ನಗುತ್ತಾನೆ. ನಗುವಾಗ ಕೈಯಲ್ಲಿನ ಇಸ್ತ್ರಿಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿಯೇ ಒತ್ತುತ್ತಾನೆ.

ನನ್ನ ಹೆಂಡತಿ ದಾಕ್ಷಾಯಣಿಯದು ಇನ್ನೂ ಅನ್ಯಾಯದ ಕಥೆ. ಚಿಕ್ಕವಳಿದ್ದಾಗ ಪಕ್ಕದ ಮನೆಯ ಮದುವೆಯಲ್ಲಿ, ಗಂಡು-ಹೆಣ್ಣಿನ ಫೋಟೊ ತೆಗೆಯುವ ಹೊತ್ತಿಗೆ ಸರಿಯಾಗಿ, ಬಲೂನಿನ ಹಿಂದೆ ಓಡಿ ಅಡ್ಡ ಹಾದುಬಿಟ್ಟಳಂತೆ. ಆ ಫೋಟೊದ ಎಡಮೂಲೆಯಲ್ಲಿ ಒಂದು ಜಡೆ, ಲಂಗದ ಅಂಚು, ಅದೂ ಮಸುಕು ಮಸುಕು. ಅಲ್ಲಿಗೆ ಅವಳ ಪಾಲು ಮುಗಿಯಿತು. ಬೇರೆಯವರ ಮನೆಯ ಗೋಡೆಯ ಮೇಲಿರುವ ಆ ಜಡೆಯೇ ಅವಳ ಫೋಟೊ. ಫೋಟೊಗ್ರಾಫರನ ಕೈ ಹಿಡಿದರೂ ಅವಳು ಸ್ಟುಡಿಯೊದ ಒಳಗೆ ಕಾಲಿಟ್ಟವಳಲ್ಲ. ಮಧ್ಯಾಹ್ನದ ಬುತ್ತಿಯನ್ನು ಹೊಸ್ತಿಲಲ್ಲೇ ಇಟ್ಟು, "ತಣ್ಣಗಾಗೋಕೆ ಮುಂಚೆ ಉಣ್ರಿ" ಎಂದು ಕೂಗಿ ಹೋಗುತ್ತಿದ್ದಳು.

ನಾನು ಹಾಲಪ್ಪ. ಪೇಟೆ ಬೀದಿಯ ಚಿತ್ರಾ ಸ್ಟುಡಿಯೊ ನನ್ನದು. ಅರಮನೆ ಮೆಟ್ಟಿಲು, ಹಂಸ, ಕೊಳ ಬರೆದ ಪರದೆ. ಅದರ ಮುಂದೆ ಕೆತ್ತನೆಯ ಕುರ್ಚಿ. ಕುರ್ಚಿಯ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಕಾಗದದ ಹೂವಿನ ಕುಂಡ. ಗದ್ದ ಸ್ವಲ್ಪ ಮೇಲೆ, ಎಡಗೈ ತೊಡೆಯ ಮೇಲೆ, ಬಲಗೈ ಕುಂಡದ ಪಕ್ಕ. ಇರುವುದೊಂದೇ ಅವಕಾಶವಾದ್ದರಿಂದ ಹೊಸದೇನನ್ನಾದರೂ ಮಾಡಿ ನೋಡೋಣ ಎನ್ನುವ ಧೈರ್ಯ ಯಾರಿಗೂ ಇಲ್ಲ. "ಹಾಲಪ್ಪಾ, ಗೌಡರ ಸೊಸೆಗೆ ತೆಗ್ದಿದ್ಯಲ್ಲ, ಹಂಗೇ ತೆಗಿಯಪ್ಪ." ಗೌಡರ ಸೊಸೆಗೂ ಅದಕ್ಕೆ ಮುಂಚೆ ಇನ್ನಾರದೋ ಸೊಸೆಯ ಹಾಗೆಯೇ ತೆಗೆದದ್ದು. ಕೂತವರು ಉಸಿರು ಬಿಗಿಹಿಡಿದಿರುತ್ತಿದ್ದರು, ತೆಗೆಯುವ ನಾನೂ ಹಿಡಿದಿರುತ್ತಿದ್ದೆ. ಒಬ್ಬರ ಮುಖವೂ ಹಾಳಾಗಲಿಲ್ಲ ಎನ್ನುವುದೇ ನನ್ನ ಹೆಮ್ಮೆಯಾಗಿತ್ತು.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಕಿರಾಣಿ ಅಂಗಡಿಯ ರೇವಣಸಿದ್ದಪ್ಪನವರಿಂದ. ಮಗಳ ಮದುವೆಯಾದ ಮೇಲೆ ಬಂದು ಫೋಟೊ ಒಯ್ದರು. ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ತೂಗುಹಾಕಿ, ಬೀಗರನ್ನು ಕರೆದು ಊಟ ಹಾಕಿದರು. ವಾರ ಕಳೆದ ಮೇಲೆ ಪೋಸ್ಟ್‌ಮಾಸ್ಟರರ ಹೆಂಡತಿ ತಮ್ಮ ಮಗಳ ಫೋಟೊ ಕೇಳಿಕೊಂಡು ಬಂದಾಗ ಲಕೋಟೆ ತೆಗೆದು ನೋಡಿದರೆ ಒಳಗಿದ್ದದ್ದು ರೇವಣಸಿದ್ದಪ್ಪನವರ ಮಗಳು. ಪೋಸ್ಟ್‌ಮಾಸ್ಟರರ ಮಗಳು ಅತ್ತ ಅವರ ನಡುಮನೆಯಲ್ಲಿ ಸುಗಂಧರಾಜದ ಹಾರ ಹಾಕಿಸಿಕೊಂಡು ವಾರದಿಂದ ಕೂತಿದ್ದಳು. ಹೆತ್ತ ತಂದೆಗೆ ತಿಳಿದಿರಲಿಲ್ಲ. ಮದುವೆಯಾದ ಗಂಡನಿಗೂ ತಿಳಿದಿರಲಿಲ್ಲ. ನಾನು ಬೆವರುತ್ತಾ ಅದಲುಬದಲು ಮಾಡಲು ಹೋದಾಗ ರೇವಣಸಿದ್ದಪ್ಪನವರು ಸಿಟ್ಟಾಗಲಿಲ್ಲ. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, "ಎರಡೂ ಒಂದೇ ಥರ ಅದಾವಲ್ಲೋ ಹಾಲಪ್ಪ. ಯಾವ್ದಾದ್ರೂ ನಡೀತಿತ್ತು ಬಿಡು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಒಬ್ಬ ಹುಡುಗಿ ಬಂದು ಕುರ್ಚಿಯಲ್ಲಿ ಕೂತಳು. ಗದ್ದ ಮೇಲೆ ಮಾಡಿದಳು. ಕೈ ಕುಂಡದ ಪಕ್ಕ ಇಟ್ಟಳು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಬೆರಳು ಇಳಿಯಲಿಲ್ಲ. ಇರುವ ಒಂದೇ ಮುಖವನ್ನು ಇವಳು ನನ್ನ ಕೈಗೆ ಕೊಡುತ್ತಿದ್ದಾಳೆ, ನಾನು ಅದನ್ನು ಪೋಸ್ಟ್‌ಮಾಸ್ಟರರ ಮಗಳ ಮುಖ ಮಾಡಿಬಿಡುತ್ತೇನೆ ಎನ್ನಿಸಿತು. ಇನ್ನೊಂದು ದಿನ ಬಾರಮ್ಮ ಎಂದೆ. ಆಮೇಲೆ ಬಂದವರಿಗೂ ಹಾಗೇ ಅಂದೆ. ಕೊನೆಗೆ "ಕ್ಯಾಮೆರಾ ರಿಪೇರಿಯಲ್ಲಿದೆ" ಎಂದು ಬಾಗಿಲಿಗೆ ರಟ್ಟು ತೂಗುಹಾಕಿ ಒಳಗೆ ಸುಮ್ಮನೆ ಕೂರತೊಡಗಿದೆ. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಹೊಸ್ತಿಲಲ್ಲಿ ಬುತ್ತಿ ಇಡುವಾಗ ದಾಕ್ಷಿ ಒಳಕ್ಕೆ ಇಣುಕಿ ಹೋಗುತ್ತಿದ್ದಳು.

ಆ ರಟ್ಟು ಓದಿಕೊಂಡು ಒಂದು ದಿನ ಒಳಗೆ ಬಂದವರು ತಾರಾಬಾಯಿ. ನನ್ನ ಸ್ಟುಡಿಯೊದ ಹಿಂದಿನ ಮನೆಯಲ್ಲಿದ್ದ ತಮ್ಮನ ಜೊತೆ ಇರಲು ಪರಊರಿನಿಂದ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಕೈಮಗ್ಗದ ಒರಟು ಸೀರೆ. ಯಾವುದೋ ದೊಡ್ಡ ಪತ್ರಿಕೆಯಲ್ಲಿ ಜೀವಮಾನವಿಡೀ ಫೋಟೊ ತೆಗೆದವರು ಎಂದು ಕೇಳಿದ್ದೆ. ಎರಡೂ ಕೈ ಸದಾ ನಡುಗುತ್ತಿದ್ದವು.

"ಏನಾಗಿದೆ ಕ್ಯಾಮೆರಾಗೆ?"

"ಶಟರ್ ಹಿಡ್ಕೊಂಡೈತ್ರಿ" ಎಂದು ಸುಳ್ಳು ಹೇಳಿದೆ.

"ಕೊಡಪ್ಪ ಇಲ್ಲಿ." ಕೈಯಲ್ಲಿ ಹಿಡಿದರೆ ಬಿದ್ದೀತೆಂದು ಮಡಿಲಲ್ಲಿ ಇಟ್ಟುಕೊಂಡು, ಬಗ್ಗಿ ಕಿವಿ ಹಚ್ಚಿ, ಗುಂಡಿ ಒತ್ತಿದರು. ಟಕ್ ಎಂದಿತು. ಇನ್ನೊಮ್ಮೆ ಒತ್ತಿದರು. "ಇದು ಚೆನ್ನಾಗೇ ಇದೆ. ಬೇರೆ ಏನೋ ಕೆಟ್ಟಿದೆ. ಹೇಳೋದಿದ್ರೆ ಹೇಳು, ಇಲ್ಲದಿದ್ರೆ ಒಂದು ಚಹಾ ಕುಡಿಸು."

ಚಹಾ ತರಿಸಿದೆ, ಹೇಳಿಯೂ ಹೇಳಿದೆ. ಫೋಟೊ ಅದಲುಬದಲಾದ ಸಂಗತಿ ಬಂದಾಗ ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಕೆಡುಕೆನಿಸಿತು.

"ಬೇಜಾರು ಮಾಡ್ಕೋಬೇಡ. ನನಗೂ ಹಿಂಗೇ ಆಗಿತ್ತು" ಎಂದರು. "ಯಾವ ಮಂತ್ರಿ ಬಂದರೂ ದೀಪ ಹಚ್ಚೋ ಫೋಟೊ. ಒಂದು ಸಲ ನಮ್ಮ ಸಂಪಾದಕರು ಗಡಿಬಿಡೀಲಿ ಹಿಂದಿನ ವರ್ಷದ ಫೋಟೊನೇ ಹಾಕಿಬಿಟ್ರು. ಮಂತ್ರಿ ಬೇರೆ, ದೀಪ ಬೇರೆ, ಊರೂ ಬೇರೆ. ಯಾರೂ ಕೇಳಲಿಲ್ಲ! ಅವತ್ತಿಂದ ಕ್ಯಾಮೆರಾ ಮುಟ್ಟೋಕೂ ಅಸಹ್ಯ ಆಗೋಯ್ತು."

"ಆಮೇಲೆ ಏನು ಮಾಡಿದ್ರಿ?"

"ನಮ್ಮಲ್ಲಿ ಹಿರಿಯರೊಬ್ಬರಿದ್ರು. ಒಂದು ತಿಂಗಳು ವೇದಿಕೆ ಕಡೆ ತಿರುಗಬೇಡ ಅಂದ್ರು. ವೇದಿಕೆ ಹಿಂದೆ ಚಪ್ಪಲಿ ಕಾಯೋರು, ಬಿದ್ದ ಹಾರ ಗುಡಿಸೋರು, ಅವರನ್ನೇ ತೆಗೆದೆ. ನೀನೂ ಹಂಗೇ ಮಾಡು. ಮುಖ ಇಟ್ಟುಕೊಂಡೋರ ತಂಟೆಗೇ ಹೋಗಬೇಡ. ಮುಖ ಕೊಟ್ಟೋರನ್ನ ತೆಗಿ."

ಊರಿಗೆ ಹೊಸಬರು, ತಿಳಿಯದು ಎಂದುಕೊಂಡು ವಿವರಿಸಲು ಹೋದೆ. "ಅವರು ಬರೋದೇ ಇಲ್ಲವಲ್ರಿ, ತಾರಕ್ಕ."

"ಗೊತ್ತು. ಬರೋದಿಲ್ಲ ಅಂದ ಮೇಲೆ ಹಾಳಾಗೋದೇನು? ಹೆದರಿಕೆ ಇಲ್ಲದ ಕಡೆ ಕೈ ಆಡುತ್ತೆ. ಮೊದಲು ಕೈ ಆಡಲಿ."

ಮರುದಿನದಿಂದ ಚಿಕ್ಕ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಪೇಟೆಗೆ ಹೊರಟೆ. ಮುಖ ಕೊಟ್ಟವರ ಫೋಟೊದಲ್ಲಿ ಅವರು ಕೈಯಲ್ಲಿ ಹಿಡಿದ ವಸ್ತು ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಗಾಳಿಯಲ್ಲಿ ಊರುಗೋಲು, ಗಾಳಿಯಲ್ಲಿ ಚೀಲ. ಅಂಥ ಫೋಟೊ ಬಂದರೆ ನಾವು ಹರಿದು ಎಸೆಯುತ್ತಿದ್ದೆವು. ಈಗ ಅಂಥವನ್ನೇ ಒಂದು ರೋಲು ತೆಗೆದು, ತೊಳೆದು, ತಾರಕ್ಕನ ಮುಂದೆ ಹರಡಿದೆ. ಖಾಲಿ ಕಟ್ಟೆ. ಖಾಲಿ ಅಂಗಡಿ. ಗಾಳಿಯಲ್ಲಿ ತಕ್ಕಡಿ.

"ಇದರಲ್ಲಿ ಯಾರೂ ಇಲ್ಲ" ಎಂದರು.

"ಅದನ್ನೇ ಅಲ್ವೇನ್ರಿ ನಾನು ಹೇಳಿದ್ದು!"

"ಮುಖ ಇಲ್ಲ ಅಂದೆ, ಒಪ್ಪಿದೆ. ಮನುಷ್ಯನೂ ಇಲ್ಲವಲ್ಲೋ. ಈ ತಕ್ಕಡಿ ಹಿಡಿದೋನು ಎಂಥೋನು? ಕೈ ಬಿಗಿಯೋ, ಧಾರಾಳವೋ? ಹೇಳು ನೋಡೋಣ."

ನಾನು ಆ ಫೋಟೊ ಎತ್ತಿ ಮತ್ತೊಮ್ಮೆ ನೋಡಿದೆ. "ನಾಳೆ ನಾನೂ ಬರ್ತೀನಿ" ಎಂದರು.

ಹೋದದ್ದು ಬಸ್‌ಸ್ಟ್ಯಾಂಡಿನ ಎದುರಿನ ಬಾಷಾ ಭಾಯಿಯ ಚಹಾ ಅಂಗಡಿಗೆ. ಬಾಷಾ ಭಾಯಿ ಚಹಾ ಸುರಿಯುವುದನ್ನು ನೋಡಲೆಂದೇ ಜನ ಬಸ್ಸು ತಪ್ಪಿಸಿಕೊಳ್ಳುವುದುಂಟು. ಒಂದು ಲೋಟ ತಲೆಯ ಮೇಲೆ, ಇನ್ನೊಂದು ಮೊಣಕಾಲ ಹತ್ತಿರ. ಕ್ಯಾಮೆರಾ ನೋಡಿ ಆತ ಹುರುಪಿನಿಂದ, "ತೆಗೀರಿ ಹಾಲಪ್ಪಣ್ಣ!" ಎಂದು ಇನ್ನೂ ಎತ್ತರಕ್ಕೆ ಎತ್ತಿ ಸುರಿದ. ನಾನು ಬೆರಳು ಒತ್ತಲಿದ್ದೆ. ತಾರಕ್ಕ ನನ್ನ ಹೆಗಲು ಹಿಡಿದರು. ಅವರ ಕೈಯ ನಡುಕ ನನ್ನ ಮೈಗೂ ಹತ್ತಿತು.

"ಬೇಡ. ಈಗ ಅವನು ನಿನಗೋಸ್ಕರ ಸುರೀತಿದಾನೆ. ಗಿರಾಕಿಗೋಸ್ಕರ ಸುರಿಯೋ ತನಕ ಇರು."

ಇದ್ದೆವು. ಬಸ್ಸುಗಳು ಬಂದವು, ಹೋದವು. ಬಾಷಾ ಭಾಯಿಗೆ ನಾವು ಮರೆತೇಹೋದೆವು. ಹನ್ನೊಂದರ ಬಸ್ಸಿನ ಗದ್ದಲದಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಕಿಟಕಿಯಿಂದ ಕೈಗಳು ಚಾಚಿವೆ, ಭಾಯಿ ಒಂದು ಕಣ್ಣು ಹಣದ ಡಬ್ಬಿಯ ಕಡೆ, ಇನ್ನೊಂದು ಕಣ್ಣು ಬಸ್ಸಿನ ಕಡೆ ಇಟ್ಟು, ಲೋಟದತ್ತ ನೋಡದೆಯೇ ಸುರಿದ. ಕಿವಿಯ ಹತ್ತಿರ ತಾರಕ್ಕ, "ಈಗ" ಎಂದರು. ಒತ್ತಿದೆ.

ಸಂಜೆ ಡಾರ್ಕ್‌ರೂಮಿನ ಕೆಂಪು ದೀಪದಡಿ, ತಟ್ಟೆಯ ನೀರಿನೊಳಗೆ ಆ ಫೋಟೊ ನಿಧಾನವಾಗಿ ಮೂಡಿತು. ಗಾಳಿಯಲ್ಲಿ ಎರಡು ಲೋಟ. ಮೇಲಿನದು ಸೊಟ್ಟಗೆ, ಅವಸರದಲ್ಲಿ, ಆದರೂ ತಪ್ಪದ ವಿಶ್ವಾಸದಲ್ಲಿ ವಾಲಿದೆ. ನಡುವೆ ಚಹಾದ ಧಾರೆ, ಬಿಲ್ಲಿನ ಹಾಗೆ ಬಾಗಿ. ಒಂದೇ ಒಂದು ಹನಿ ಧಾರೆ ಬಿಟ್ಟು ಹಾರಿದೆ. ನಾನು ನಗತೊಡಗಿದೆ. ಆ ಲೋಟ ವಾಲಿದ ರೀತಿಯಲ್ಲೇ ಬಾಷಾ ಭಾಯಿ ಪೂರ್ತಿಯಾಗಿ ಇದ್ದ. ಅವನ ಪೊಗರು, ಅವನ ಗಡಿಬಿಡಿ, ಮೀಸೆ ಕೂಡ ಕಂಡ ಹಾಗಾಯಿತು. ಎಷ್ಟೋ ವರ್ಷಗಳಿಂದ ತಟ್ಟೆಯೊಳಗೆ ನೋಡುವಾಗ ನನ್ನ ಎದೆ ಹಾಗೆ ಬಡಿದುಕೊಂಡಿರಲಿಲ್ಲ.

ಆಮೇಲೆ ನಮ್ಮನ್ನು ತಡೆಯುವವರಿರಲಿಲ್ಲ. ದಿನಾ ಹೊರಡುತ್ತಿದ್ದೆವು. ತಾರಕ್ಕನ "ಈಗ" ಎನ್ನುವ ಮಾತು ಬರಬರುತ್ತಾ ಕಡಿಮೆಯಾಯಿತು. ಎಷ್ಟೋ ಸಲ ಅವರ ಬಾಯಿ ತೆರೆಯುವ ಹೊತ್ತಿಗೆ ನನ್ನ ಬೆರಳು ಇಳಿದಿರುತ್ತಿತ್ತು. ಆಗ ಅವರು ಹೆಗಲು ಒಂದು ಸಲ ಅದುಮುತ್ತಿದ್ದರು. ತಪ್ಪು ಮಾಡಿದಾಗ ಮಾತ್ರ ಬಾಯಿ ಬಿಡುತ್ತಿದ್ದರು. ಬಿಟ್ಟರೆ ಬೀದಿಗೆಲ್ಲ ಕೇಳುತ್ತಿತ್ತು. ಹೂ ಕಟ್ಟುವ ಹನುಮಕ್ಕನ ಫೋಟೊಗೆ ಐದು ಸಲ ವಾಪಸು ಕಳಿಸಿದರು.

ಒಂದು ದಿನ ಕೊಟ್ರೇಶಿಯ ಅಂಗಡಿಯ ಮುಂದೆ ನಿಂತಿದ್ದಾಗ ನಾನು ಅವರನ್ನು ಗಮನಿಸಿದೆ. ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ನೀರು ಚಿಮುಕಿಸಿದ ಬಟ್ಟೆಯ ಮೇಲೆ ಪೆಟ್ಟಿಗೆ ಇಟ್ಟಾಗಲೆಲ್ಲ ಆವಿ ಭುಸ್ಸೆಂದು ಏಳುತ್ತಿತ್ತು. ತಾರಕ್ಕನ ಬಲಗೈ ತೋರುಬೆರಳು ಗಾಳಿಯಲ್ಲಿ ತನ್ನಷ್ಟಕ್ಕೆ ಒತ್ತುತ್ತಿತ್ತು. ಇಲ್ಲದ ಗುಂಡಿಯನ್ನು.

"ನೀವ್ಯಾಕೆ ತೆಗೀಬಾರ್ದು ತಾರಕ್ಕ?"

"ಕಣ್ಣು ಕಾಣಲ್ವಾ ನಿನಗೆ?" ಎಂದು ಕೈ ಚಾಚಿ ತೋರಿಸಿದರು. "ಇದನ್ನ ಹಿಡ್ಕೊಂಡು ತೆಗೆದ್ರೆ ಭೂಕಂಪದ ಫೋಟೊ ಬರುತ್ತೆ."

ನಾನು ಸ್ಟುಡಿಯೊಗೆ ಓಡಿ ದೊಡ್ಡ ಕ್ಯಾಮೆರಾವನ್ನೂ ಅದರ ಮೂರುಕಾಲಿನ ಸ್ಟ್ಯಾಂಡನ್ನೂ ಹೊತ್ತು ತಂದೆ. ಅದಕ್ಕೆ ಸಿಕ್ಕಿಸುವ ಉದ್ದನೆಯ ತಂತಿಯೊಂದಿತ್ತು. ತಂತಿಯ ತುದಿಯ ಗುಂಡಿ ಒತ್ತಿದರೆ ಶಟರ್ ಬೀಳುತ್ತದೆ, ಕ್ಯಾಮೆರಾ ಅಲುಗುವುದಿಲ್ಲ. "ಎಲ್ಲಿಡಲಿ, ಹೇಳ್ರಿ" ಎಂದೆ. ತಾರಕ್ಕ ತಂತಿಯ ತುದಿಯನ್ನು ಕೈಗೆ ತೆಗೆದುಕೊಂಡರು. ಆಮೇಲೆ ಒಮ್ಮೆಲೇ, "ಇನ್ನೂ ಕೆಳಗೆ. ಎಡಕ್ಕೆ. ಅಷ್ಟು ಬೇಡ. ಬೆಳಕಿಗೆ ಎದುರಾಗಿ ಇಡೋ, ಹೆದರ್ತೀಯ ಯಾಕೆ?" ಎಂದು ಶುರುಮಾಡಿದರು. ತಂತಿ ಅವರ ಕೈಯಲ್ಲಿ ಬಳ್ಳಿಯ ಹಾಗೆ ಅಲುಗುತ್ತಿತ್ತು, ಕ್ಯಾಮೆರಾ ಮಾತ್ರ ಬಂಡೆ. ಕೊಟ್ರೇಶಿ ನಮ್ಮಿಬ್ಬರ ಜಗಳ ಕೇಳುತ್ತಾ ತನ್ನ ಪಾಡಿಗೆ ಇಸ್ತ್ರಿ ಮಾಡುತ್ತಿದ್ದ. ಟಕ್.

ಆ ಫೋಟೊದಲ್ಲಿ ಇಸ್ತ್ರಿಪೆಟ್ಟಿಗೆಯೊಂದು ತಾನೇ ತಾನಾಗಿ ಬಿಳಿ ಅಂಗಿಯ ಮೇಲೆ ಬಾಗಿದೆ. ಬಿಸಿಲಿನಲ್ಲಿ ಆವಿ ಎದ್ದು, ಕೊಟ್ರೇಶಿಯ ತೋಳು ಇರುವಲ್ಲಿ ತಡೆದು, ತೋಳನ್ನು ಸುತ್ತಿಕೊಂಡು ಮೇಲೇರಿದೆ. ತೋಳಿಲ್ಲ, ತೋಳಿನ ಸುತ್ತಣ ಆವಿಯಿದೆ. ತಾರಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಕೈ ನಡುಗೋಕೆ ಹತ್ತಿದ ಮೇಲೆ ನಾಲ್ಕು ವರ್ಷದಿಂದ ಬೇರೆಯೋರ ಫೋಟೊದಲ್ಲಿ ತಪ್ಪು ಹುಡುಕ್ತಾ ಕೂತಿದ್ದೆ ಹಾಲಪ್ಪ. ಅದು ಸುಲಭ" ಎಂದರು.  

ಇನ್ನು ಮೇಲೆ ಇಬ್ಬರೂ ತೆಗೆಯುವುದೆಂದಾಯಿತು. ಸ್ಟ್ಯಾಂಡು ಹೊರುವುದು ನಾನು, ತಂತಿ ಅವರದು. ಓಡಾಡಿ ತೆಗೆಯಬೇಕಾದ್ದೆಲ್ಲ ನನ್ನದು.

ಮನೆಯಲ್ಲಿ ದಾಕ್ಷಿಗೆ ಇದೆಲ್ಲ ಗೊತ್ತಾಗಿತ್ತು. ಆದರೆ ತಾನಾಗಿ ಕೇಳುತ್ತಿರಲಿಲ್ಲ, ನನಗೂ ಅವಳ ಮುಂದೆ ಆ ಮಾತೆತ್ತಲು ಬಾಯಿ ಬರುತ್ತಿರಲಿಲ್ಲ. ಅವಳ ಎದುರು ಕ್ಯಾಮೆರಾ ಎತ್ತಿದರೆ ಹುಣ್ಣಿನ ಮೇಲೆ ಕೈ ಇಟ್ಟ ಹಾಗೆ ಎನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಕೂತು ಲೆನ್ಸು ಒರೆಸುತ್ತಿದ್ದೆ. ದಾಕ್ಷಿ ಬಕೆಟ್ ತಂದು ಬಟ್ಟೆ ಒಣಹಾಕತೊಡಗಿದಳು. ಗಾಳಿ ಜೋರಾಗಿತ್ತು. ಹಿಂಡಿದ ಸೀರೆಯನ್ನು ಎರಡು ತುದಿ ಹಿಡಿದು ಜಾಡಿಸಿದಳು. ಹನಿಗಳೆಲ್ಲ ಬಿಸಿಲಿಗೆ ಸಿಡಿದವು. ನಾನು ಯಾಕೋ ಕ್ಯಾಮೆರಾ ಕಣ್ಣಿಗೆ ಹಚ್ಚಿದೆ. ಅವಳು ತಂತಿಯ ಮೇಲೆ ಎಸೆಯುವಷ್ಟರಲ್ಲಿ ಗಾಳಿ ಮಗ್ಗುಲು ಬದಲಿಸಿತು. ಒದ್ದೆ ಸೀರೆ ತಿರುಗಿ ಬಂದು ಅವಳ ತಲೆ, ಮುಖ, ಹೆಗಲಿಗೆಲ್ಲ ಫಟ್ಟನೆ ಅಂಟಿಕೊಂಡಿತು. ಒಳಗಿನಿಂದ ಅವಳು "ಅಯ್ಯಯ್ಯೋ ಶಿವನೇ" ಎಂದು ಕೂಗಿ ಬಾಯ್ತುಂಬ ನಕ್ಕಳು. ನಾನು ಒತ್ತಿದ್ದೆ.

ಅವಳಿಗೆ ಹೇಳದೆ ಹೋಗಿ ತೊಳೆದೆ. ನೀರಿನೊಳಗೆ ಮೊದಲು ಸೀರೆಯ ಅಂಚು ಬಂತು, ಆಮೇಲೆ ಆಕಾಶ, ಆಮೇಲೆ ಗಾಳಿಯಲ್ಲಿ ನಿಂತ ಬಟ್ಟೆಯ ಮಡಿಕೆಗಳು. ಆ ಮಡಿಕೆಗಳ ನಡುವೆ ಒಂದು ಹಣೆ. ಮೂಗು. ನಗುವಿಗೆ ತೆರೆದ ಬಾಯಿ, ಉಬ್ಬಿದ ಕೆನ್ನೆ, ಎಡಕ್ಕೆ ವಾಲಿದ ಕತ್ತು. ಸೀರೆ ಅವಳು ಉಟ್ಟದ್ದಲ್ಲ, ಕೈಯಲ್ಲಿ ಹಿಡಿದದ್ದು. ಅದು ಬಂದಿತ್ತು, ಬರುವಾಗ ಅವಳನ್ನೂ ಕರೆದುಕೊಂಡು ಬಂದಿತ್ತು. ಡಾರ್ಕ್‌ರೂಮಿನ ಬಾಗಿಲು ಹಾಕಿಕೊಂಡು ನಾನು ಅತ್ತದ್ದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ ಬುತ್ತಿ ಇಡಲು ಬಂದಾಗ ಹೊಸ್ತಿಲಲ್ಲೇ ಅವಳ ಕೈಗೆ ಕೊಟ್ಟೆ. ಮೊದಲು ತಿಳಿಯಲಿಲ್ಲ. "ಇದು ನನ್ನ ಹಸಿರು ಸೀರೆ ಅಲ್ವಾ" ಎಂದಳು. ಆಮೇಲೆ ಬೆರಳ ತುದಿಯಿಂದ ಫೋಟೊದ ಮೂಗನ್ನು ಮುಟ್ಟಿ, ಅದೇ ಬೆರಳಿಂದ ತನ್ನ ಮೂಗನ್ನು ಮುಟ್ಟಿಕೊಂಡಳು.

"ನನ್ನ ಮೂಗು ಇಷ್ಟು ಉದ್ದ ಐತೇನ್ರಿ?"

"ಇಷ್ಟೇ ಐತೆ."

"ಯಾರೂ ಹೇಳೇ ಇಲ್ಲ ನೋಡ್ರಿ" ಎಂದು ಹೇಳುತ್ತಾ ಹೊಸ್ತಿಲು ದಾಟಿ ಒಳಗೆ ಬಂದು, ಕೆತ್ತನೆಯ ಕುರ್ಚಿಯಲ್ಲಿ ಕೂತುಬಿಟ್ಟಳು. ಬಹಳ ಹೊತ್ತು ಕೂತಿದ್ದಳು. ಎದ್ದಾಗ ಅವಳ ಮೊದಲ ಮಾತು, "ಇವನ್ನೆಲ್ಲ ಪೆಟ್ಟಿಗೇಲಿ ತುಂಬಿ ಇಟ್ರೆ ಯಾರು ನೋಡ್ಬೇಕು? ಹೊರಗೆ ಹಾಕ್ರಿ."

ಎಲ್ಲಿ ಹಾಕುವುದು ಎಂಬುದನ್ನೂ ಅವಳೇ ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಪ್ರಯಾಣಿಕರು ಕೂರುವ ಹಜಾರಕ್ಕೆ ಆಗಷ್ಟೇ ಸುಣ್ಣ ಬಳಿದಿದ್ದರು. ಅಲ್ಲಿನ ಕಂಟ್ರೋಲರ್ ಓಬಳೇಶ ಮೊದಲು ಒಪ್ಪಲಿಲ್ಲ. "ಮನುಷ್ಯರಿಲ್ಲದ ಫೋಟೊ ಅಂದ್ರೆ ತಿಥಿ ಫೋಟೊ ಇದ್ದಂಗೆ ಹಾಲಪ್ಪಣ್ಣ. ಪ್ರಯಾಣಕ್ಕೆ ಹೊರಟೋರ ಕಣ್ಣಿಗೆ ಅಪಶಕುನ. ಜನ ಕಲ್ಲು ಹೊಡೀತಾರೆ." ಅವನು ಹೇಳಿದ್ದು ಸುಳ್ಳಲ್ಲ. ಊರಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಹಾಲಪ್ಪನಿಗೆ ತಲೆ ಕೆಟ್ಟಿದೆ, ಆ ಮುದುಕಿ ಕೆಡಿಸಿದ್ದಾಳೆ, ಇನ್ನು ಅವನ ಕೈಗೆ ಮುಖ ಕೊಡುವವರಾರು ಎಂದು. ಈ ಒಂದು ದಿನ ಜನ ಬೆನ್ನು ತಿರುಗಿಸಿದರೆ ಸ್ಟುಡಿಯೊದ ಬಾಗಿಲು ಮುಚ್ಚಿದ ಹಾಗೆಯೇ ಎಂದು ನನಗೂ ಗೊತ್ತಿತ್ತು. ಕೊನೆಗೆ ದಾಕ್ಷಿಯೇ ಓಬಳೇಶನ ಮುಂದೆ ತನ್ನ ಫೋಟೊ ಹಿಡಿದು, "ಇದು ತಿಥಿ ಫೋಟೊ ಏನಣ್ಣ?" ಎಂದು ಕೇಳಿದಳು. ಅವನು ನೋಡಿದ, ಅವಳನ್ನು ನೋಡಿದ, ಮತ್ತೆ ಅದನ್ನು ನೋಡಿದ. "ಒಂದು ದಿನ. ಒಂದೇ ದಿನ" ಎಂದ.

ಯಾವುದರ ಕೆಳಗೂ ಹೆಸರು ಬರೆಯಬಾರದು ಎಂದದ್ದು ತಾರಕ್ಕ. ಯಾವುದರ ಪಕ್ಕ ಯಾವುದು ಎಂದು ನಿರ್ಧರಿಸಿದ್ದು ದಾಕ್ಷಿ. ಮೊಳೆ ಹೊಡೆದವನು ನಾನು.

ಬೆಳಗಿನ ಬಸ್ಸುಗಳ ಜನ ಬಂದರು, ನೋಡಿದರು. ಸದ್ದಿಲ್ಲ. ಒಬ್ಬಾತ ಚಪ್ಪಲಿ ಬಿಟ್ಟು ದೂರದಿಂದ ಕೈ ಮುಗಿದ. ಇಬ್ಬರು ಹೆಂಗಸರು ಮಕ್ಕಳ ಕಣ್ಣು ಮುಚ್ಚಿ ಎಳೆದುಕೊಂಡು ಹೋದರು.  ತಾರಕ್ಕ ಬೆಂಚಿನಲ್ಲಿ ಕೂತು, ನಡುಗುವ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸುಮ್ಮನೆ ನೆಲ ನೋಡುತ್ತಿದ್ದರು. ಅವರಿಗೂ ಹೆದರಿಕೆಯಾಗುತ್ತದೆ ಎಂದು ಅವತ್ತೇ ನನಗೆ ಗೊತ್ತಾದದ್ದು.

ಅಷ್ಟರಲ್ಲಿ ಬಗಲಲ್ಲಿ ಮಗು ಎತ್ತಿಕೊಂಡ ಒಬ್ಬಳು ಹೂವಿನ ಮಾಲೆಯ ಫೋಟೊದ ಮುಂದೆ ನಿಂತಳು. ಗಾಳಿಯಲ್ಲಿ ಅರ್ಧ ಕಟ್ಟಿದ ಮಾಲೆ. ದಾರ ಬಿಗಿಯಾಗಿ ಎಳೆದಿದೆ, ಒಂದು ಕನಕಾಂಬರ ಗಂಟಿನೊಳಗೆ ಹೋಗುವುದಕ್ಕೆ ಕಾದಿದೆ. "ಇದು ನಮ್ಮತ್ತೆ!" ಎಂದು ಕಿರುಚಿದಳು. "ಏ, ನಮ್ಮತ್ತೆ ನೋಡ್ರೇ ಇದು! ಊರಲ್ಲಿ ಎರಡು ಮಲ್ಲಿಗೆಗೆ ಒಂದು ಕನಕಾಂಬರ ಹಾಕೋಳು ಅವಳೊಬ್ಬಳೇ! ದಾರ ಎಷ್ಟು ಜಗ್ಗ್ಯಾಳೆ ನೋಡು, ನನ್ನ ಜಡೇನೂ ಹಂಗೇ ಜಗ್ತಾಳೆ!"

ಹಜಾರವೇ ಗೊಳ್ಳೆಂದಿತು. ಅಲ್ಲಿಂದ ಕಟ್ಟೆ ಒಡೆದ ಹಾಗಾಯಿತು. "ಬಾಷಾ ಭಾಯಿ! ಅವನೇ, ಆ ಹನಿ ನೋಡು, ದಿನಾ ನನ್ನ ಅಂಗಿ ಮ್ಯಾಲೇ ಬೀಳೋದು ಅದು!" "ಹಾಲಿನ ಗಂಗಣ್ಣ ಕಣೋ ಇದು, ಅಳತೆ ಲೋಟ ತಟ್ಟೋದು ನೋಡು, ಹನಿ ಕೊಸರೂ ಹಾಕಲ್ಲ!" ಕೂಗಿದ ಒಬ್ಬೊಬ್ಬರ ಹೆಸರೂ ಗೋಡೆಗೆ ಬಡಿದು ಮರಳುತ್ತಿತ್ತು. ಹೊರಡಬೇಕಾದ ಬಸ್ಸಿನ ಕಂಡಕ್ಟರನೇ ಇಳಿದು ಒಳಗೆ ಬಂದ. ಸುದ್ದಿ ಪೇಟೆಗೆ ಹೋಯಿತು. ಮುಖ ಕೊಟ್ಟವರೆಲ್ಲ ಬಂದರು. ಬಂದು, ತಮ್ಮ ತಮ್ಮ ಫೋಟೊದ ಪಕ್ಕ ನಿಂತುಕೊಂಡರು, ಮದುವೆಯ ಮನೆಯಲ್ಲಿ ನಿಲ್ಲುವ ಹಾಗೆ.

ಕೊಟ್ರೇಶಿ ಕೊನೆಗೆ ಬಂದ. ಆವಿಯ ಫೋಟೊದ ಮುಂದೆ ನಿಂತ. ಜನ ಅವನನ್ನೇ ನೋಡಿದರು, ಏನಾದರೂ ತಮಾಷೆ ಮಾಡುತ್ತಾನೆಂದು. ಅವನು ನಗಲಿಲ್ಲ. ಬೆಂಚಿನಲ್ಲಿದ್ದ ತಾರಕ್ಕನ ಬಳಿಗೆ ಹೋಗಿ, "ಅಮ್ಮಾ, ಇದ್ರಾಗೆ ನಾನು ಎಚ್ಚರ ಇದೀನಿ" ಎಂದ. ತಾರಕ್ಕ ಸೆರಗಿನಿಂದ ಕೈ ಹೊರತೆಗೆದು ಅವನ ಕೈ ಹಿಡಿದುಕೊಂಡರು. 

ಈ ಗದ್ದಲವನ್ನೆಲ್ಲ ಒಂದು ಮೂಲೆಯಿಂದ ನೋಡುತ್ತಾ ಕೂತಿದ್ದವಳು ಈರಮ್ಮಜ್ಜಿ. ಕೆಳಗಿನ ಕೇರಿಯ ಸೂಲಗಿತ್ತಿ. ಊರಿನ ಅರ್ಧದಷ್ಟು ಜನ ಅವಳ ಕೈಗೆ ಹುಟ್ಟಿದವರು. ಎಂಬತ್ತರ ಆಚೆಗೂ ಮುಖ ಇಟ್ಟುಕೊಂಡಿದ್ದವಳು ಇಡೀ ಊರಿಗೆ ಅವಳೊಬ್ಬಳೇ. ಎಷ್ಟು ಜನ ಕೇಳಿದರೂ ಕೊಟ್ಟಿರಲಿಲ್ಲ. ಮೊಮ್ಮಗಳ ಊರಿಗೆ ಹೊರಟವಳು ಬಸ್ಸನ್ನು ಬಿಟ್ಟುಕೊಂಡು ಕೂತಿದ್ದಳು.

"ಏ ಫೋಟೊದೋನೇ, ಬಾ ಇಲ್ಲಿ" ಎಂದು ಕರೆದಳು. "ಮುಖ ಇಲ್ದೇನೇ ಇವರ್ನೆಲ್ಲ ಗುರ್ತು ಹಿಡಿಯೋ ಹಂಗೆ ತೆಗ್ದಿ. ನಂದು ಮುಖ ಐತೆ. ಅದನ್ನ ಏನು ಮಾಡ್ತಿ, ನೋಡಾಣ."

 ನಾನು ಹೆಗಲಲ್ಲಿದ್ದ ಚಿಕ್ಕ ಕ್ಯಾಮೆರಾ ಎತ್ತಿದೆ. ತಪ್ಪಿದರೆ ಅವಳ ಎಂಬತ್ತು ವರ್ಷ ನೀರಲ್ಲಿ ಹೋಮ, ಅದೂ ಊರಿನವರೆಲ್ಲರ ಕಣ್ಣೆದುರು. ತಾರಕ್ಕ ಪಕ್ಕಕ್ಕೆ ಬಂದು ನಿಂತರು. ಹೆಗಲ ಮೇಲೆ ಕೈ ಇಡುತ್ತಾರೆಂದು ಕಾದೆ. ಇಡಲಿಲ್ಲ. ದಾಕ್ಷಿ ಮಾತ್ರ ಸರಿಯಾಗಿ ಅಜ್ಜಿಯ ಕಾಲ ಬುಡದಲ್ಲಿ ನೆಲದ ಮೇಲೆ ಕೂತು, ಕ್ಯಾಮೆರಾ ಇದೆ ಎನ್ನುವುದನ್ನೇ ಮರೆತವಳ ಹಾಗೆ ಕೇಳಿದಳು:

"ಇಷ್ಟು ವರ್ಷ ಯಾರಿಗೋಸ್ಕರ ಇಟ್ಕೊಂಡಿದ್ದೆ ಅಜ್ಜಿ?"

"ಯಾರಿಗೂ ಅಲ್ಲ ಕಣವ್ವಾ. ನಾನು ಚೆಂದ ಕಾಣೋ ದಿನ ಒಂದು ಬರ್ಲಿ, ಆವತ್ತು ತೆಗೆಸಾಣ ಅಂತಿದ್ದೆ." ಅಜ್ಜಿ ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದಳು. "ಬರ್ಲೇ ಇಲ್ಲ ನೋಡು, ಅದರವ್ವನ!"

ಎಂದವಳೇ ನಕ್ಕಳು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು, ಕಣ್ಣೊಳಗೆ ನೀರು ತುಂಬಿ, ಮುಖದ ಗೆರೆಗಳೆಲ್ಲ ಒಟ್ಟಿಗೆ ಎದ್ದು ನಗುವಿಗೆ ದಾರಿ ಬಿಟ್ಟವು. ಗದ್ದ ಎಲ್ಲಿದೆ, ಕೈ ಎಲ್ಲಿದೆ ಎಂದು ನಾನು ನೋಡಲಿಲ್ಲ. ಯಾರೂ "ಈಗ" ಎನ್ನಲಿಲ್ಲ. ಬೆರಳು ತಾನೇ ಇಳಿಯಿತು.

ಆ ದಿನ ಡಾರ್ಕ್‌ರೂಮಿನಲ್ಲಿ ಮೂವರಿದ್ದೆವು. ದಾಕ್ಷಿ ತಟ್ಟೆ ಅಲುಗಿಸಿದಳು. ತಾರಕ್ಕ ತಟ್ಟೆಯ ಮೇಲೆ ಬಗ್ಗಿದರು. ನೀರಿನೊಳಗಿಂದ ಅಜ್ಜಿ ನಗುತ್ತಾ ಎದ್ದು ಬಂದಳು. ಹಿಂದೆ ಹಂಸವಿಲ್ಲ, ಅರಮನೆಯಿಲ್ಲ, ಬಸ್‌ಸ್ಟ್ಯಾಂಡಿನ ಸುಣ್ಣದ ಗೋಡೆ, ಗಾಳಿಯಲ್ಲಿ ಅವಳ ಕೈಗೆ ಹುಟ್ಟಿದ ಜನ ಹಿಡಿದ ಚೀಲ, ಕೊಡೆ, ಊರುಗೋಲು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಒಯ್ದು, ಮತ್ತೆ ಬಸ್ಸಿಗೆ ಕಾದಿದ್ದ ಅವಳ ಕೈಗೆ ಕೊಟ್ಟೆ. ಫೋಟೊವನ್ನು ದೂರ ಹಿಡಿದು ನೋಡಿದಳು, ಮೂಗಿನ ಹತ್ತಿರ ತಂದು ನೋಡಿದಳು. ಬಾಷಾ ಭಾಯಿ ಕೆಟಲ್ ಹಿಡಿದುಕೊಂಡೇ ಬಂದು ಅವಳ ಹೆಗಲ ಮೇಲಿಂದ ಬಗ್ಗಿದ. ನಾನು ಕೈ ಕಟ್ಟಿಕೊಂಡು ನಿಂತೆ.

"ಅಲ್ಲೋ ಫೋಟೊದೋನೇ," ಎಂದಳು ಅಜ್ಜಿ, ಫೋಟೊದಿಂದ ಕಣ್ಣು ತೆಗೆಯದೆ, "ಆ ಚೆಂದದ ದಿನ ನಿನ್ನೆನೇ ಬಂದಿತ್ತಲ್ಲೋ!"